ರೂಬಿಯೆಮ್ ಅಜ್ಜಿಯ ಬಾಣಲೆ

ವಾರ್ಸಿತಿ ನೀಲಿ ಬಣ್ಣ ತುಂಬಿದ ತೊಟ್ಟಿಯಿಂದ ಬಟ್ಟೆ ಎತ್ತಿ ಬಿದಿರಿನ ಮೇಲೆ ಹರವಿದಾಗ ಅಂಗಳದ ಹೆಂಗಸರೆಲ್ಲ ಕೆಲಸ ಬಿಟ್ಟು ಎದ್ದು ಬಂದರು. ಅವಳು ಮೇಣದಲ್ಲಿ ಬರೆದ ಹಕ್ಕಿಗಳಲ್ಲಿ ಒಂದೂ ಉಳಿದಿರಲಿಲ್ಲ. ಮೇಣ ಚಕ್ಕೆಚಕ್ಕೆಯಾಗಿ ಎದ್ದು ಬಣ್ಣ ಒಳಗೆಲ್ಲ ನುಗ್ಗಿತ್ತು. ನೆಟ್ಟಗೆ ಉಳಿದದ್ದು ಮೂಲೆಯಲ್ಲಿದ್ದ ಅವಳ ಹೆಸರೊಂದೇ.

ಮೇಣದಲ್ಲಿ ಚಿತ್ರ ಬರೆದು ಬಟ್ಟೆಗೆ ಬಣ್ಣ ಹಾಕುವ ಲಾಸೆಮ್ ಊರಿನ ಬಾತಿಕ್ ಮನೆಗಳಲ್ಲಿ ಬಟ್ಟೆಯ ಮೇಲೆ ಬರುವುದು ಯಜಮಾನಿಯ ಹೆಸರು, ಬರೆದವಳದಲ್ಲ. ಹುಡುಗಿಯಾಗಿದ್ದಾಗಿನಿಂದ ಬೇರೆಯವರ ಹಕ್ಕಿಗಳನ್ನೇ ಬರೆದ ವಾರ್ಸಿತಿಗೆ ಯಜಮಾನಿ ಒಮ್ಮೆ, "ನಿಂದೇ ಒಂದು ಚಿತ್ರ ಮಾಡು. ಚೆನ್ನಾಗಿ ಬಂದ್ರೆ ನಿನ್ನ ಹೆಸರಲ್ಲೇ ಮಾರ್ತೀನಿ" ಎಂದಿದ್ದಳು. ಆ ಒಂದು ಮಾತಿಗೆ ಅವಳು ಇಡೀ ವರ್ಷ ಸುರಿದಳು. ಎಲ್ಲ ಹೊಸದಾಗಿರಬೇಕೆಂಬ ಹಮ್ಮಿನಲ್ಲಿ ಮೇಣವನ್ನೂ ಪೇಟೆಯಿಂದ ಹೊಸದೇ ತಂದಳು. ಇಲ್ಲಿ ಯಾರೂ ಹಾಗೆ ಮಾಡುವುದಿಲ್ಲ. ಮುಗಿದ ಬಟ್ಟೆಗಳನ್ನು ಕುದಿಸಿದಾಗ ಮೇಲೆ ತೇಲುವ ಮೇಣವನ್ನು ಬಳಿದು ಹೊಸದಕ್ಕೆ ಬೆರೆಸುತ್ತಾರೆ. "ಯಾರ್ಯಾರದೋ ಬಟ್ಟೆ ಕೊಳೆ ನನ್ನ ಹಕ್ಕಿಗೆ ಬೇಡ" ಎಂದಿದ್ದಳು ಮಹಾರಾಯ್ತಿ. ಕೊನೆಗೆ ಹೆಸರು ಬರೆಯುವಷ್ಟರಲ್ಲಿ ಅವಳ ಮೇಣ ಮುಗಿದು, ಪಕ್ಕದಲ್ಲಿ ಕೂರುವ ರೂಬಿಯೆಮ್ ಅಜ್ಜಿಯ ಮೇಣದ ಬಾಣಲೆಯಲ್ಲಿ ಲೇಖನಿ ಅದ್ದಿಕೊಂಡಿದ್ದಳು.

ಅಳು ಬಂದಿದ್ದರೆ ಚೆನ್ನಾಗಿತ್ತು. ಬರಲಿಲ್ಲ. ಮರುದಿನವೂ ಬಂದು ತನ್ನ ಮಣೆಯ ಮೇಲೆ ಕೂತಳು, ಯಜಮಾನಿ ಕೊಟ್ಟ ಬಟ್ಟೆಗೆ ಚುಕ್ಕಿ ತುಂಬಿದಳು, ಎದ್ದು ಹೋದಳು. ಹೀಗೇ ಮಳೆಗಾಲ ಕಳೆಯಿತು. ಊಟಕ್ಕೆ ಉಪ್ಪು ಹೆಚ್ಚಾಯಿತೇ ಎಂದು ಗಂಡ ಕೇಳಿದರೆ ಅವಳಿಗೆ ಗೊತ್ತಾಗುತ್ತಿರಲಿಲ್ಲ.

"ಹೆಸರು ಮಾತ್ರ ಭೇಷಾಗಿ ಅಂಟಿದೆ ಕಣೇ, ಅದನ್ನೇ ಕತ್ತರ್ಸಿ ಮಾರು!" ಎಂದು ಎದುರು ಮಣೆಯ ತುಮಿನಿ ಚುಚ್ಚಿದಾಗ ಎಲ್ಲರೂ ನಕ್ಕರು. ವಾರ್ಸಿತಿಯೂ ನಕ್ಕಳು. ಮಾತು ಎಲ್ಲೂ ತಾಗಲೇ ಇಲ್ಲ. ಅವಳಿಗೆ ಹೆದರಿಕೆಯಾದದ್ದು ಆಗ. ಇನ್ನು ತನ್ನದೆಂಬ ಗೆರೆ ಈ ಕೈಯಿಂದ ಬರುವುದೇ ಇಲ್ಲವೇನೋ.

ಒಂದು ಬೆಳಗ್ಗೆ ರೂಬಿಯೆಮ್ ಅಜ್ಜಿ ಆ ಕೆಟ್ಟ ಬಟ್ಟೆಯನ್ನು ತಂದು ಅವಳ ಮಡಿಲಿಗೆ ಹಾಕಿದಳು.

"ಏಳೇ, ಇದನ್ನ ಕುದಿಸು."

"ಯಾಕಜ್ಜಿ, ಹೊಳೇಲಿ ಹುಣಸೆಹಣ್ಣು ಕಿವುಚೋಕಾ?"

"ಮೇಣ ಇದೆಯಲ್ಲ ಅದ್ರಲ್ಲಿ. ಯಾರಪ್ಪನ ಮನೆ ಗಂಟು ಅಂತ ಬಿಡ್ತೀಯಾ?"

ಹಂಡೆಯ ನೀರು ಕುದಿಯಿತು, ಮೇಣ ಮೇಲೆ ಬಂತು. ಅಜ್ಜಿ ಅದನ್ನು ಬಳಿದು ಸೀದಾ ತನ್ನ ಬಾಣಲೆಗೇ ಸುರಿದಳು.

"ಅಯ್ಯೋ, ಅದು ಕೆಟ್ಟ ಮೇಣ! ನಿಮ್ಮದೂ ಕೆಡುತ್ತೆ ಅಜ್ಜಿ."

"ಕೆಟ್ಟಿದ್ದು ಬಟ್ಟೆ. ಮೇಣಕ್ಕೇನಾಗಿದೆ ಧಾಡಿ? ಒಂದ್ಸಲ ಕುದ್ದು ಬಂದಿದ್ದೇ ಕಣೇ ಅಂಟೋದು. ನಾನು ಹಾಳು ಮಾಡಿದ್ದೆಲ್ಲ ಇದೇ ಬಾಣಲೇಲಿದೆ." ಒಂದು ಬಿಳಿ ತುಂಡು ಬಟ್ಟೆ ಎಸೆದಳು. "ಗೆರೆ ಎಳೆದು ನೋಡು, ಹಿಡಿಯುತ್ತಾ ಅಂತ. ನನ್ನ ಕಣ್ಣಿಗೆ ಕಾಣಲ್ಲ."

ವಾರ್ಸಿತಿ ತಾಮ್ರದ ಮೂತಿಯ ಲೇಖನಿಯನ್ನು ಅದ್ದಿ ಎಳೆದಳು. ಮೇಣ ಹಿಡಿಯಿತು. ಏನು ಬರೆಯಬೇಕೆಂದು ತೋಚದೆ ಆ ಹಕ್ಕಿಯನ್ನೇ ಬರೆದಳು. ಬಾಲ ಬಂತು, ರೆಕ್ಕೆ ಬಂತು. ಅವಳ ಮನಸ್ಸಿನಲ್ಲಿ ಮಾತ್ರ ಏನೂ ಇರಲಿಲ್ಲ. ಸಂಜೆ ಹೊತ್ತಿಗೆ ಕಣ್ಣಿನ ಬಳಿ ಬಂದಾಗ ಅಜ್ಜಿ ಒಲೆಯ ಸೌದೆ ಹಿಂದಕ್ಕೆಳೆದಳು.

"ಸಾಕು. ನಾಳೆಗಿರ್ಲಿ."

"ಒಂದು ಚುಕ್ಕಿ ಅಜ್ಜಿ, ಅಷ್ಟೇ."

"ನಾಳೆಗೆ ಅಂದೆ. ಎಲ್ಲಾ ಮುಗಿಸಿ ಎದ್ದೋಳಿಗೆ ಬೆಳಗ್ಗೆ ಮತ್ತೆ ಬರೋಕೆ ಕಾಲೇ ಏಳಲ್ಲ."

ಬೆಳಗಾಯಿತು. ಉತ್ಸಾಹ ಗಿತ್ಸಾಹ ಏನೂ ಉಕ್ಕಲಿಲ್ಲ. ಆದರೆ ಕಾಫಿ ಕುಡಿಯುತ್ತಿದ್ದಾಗ ಆ ಕುರುಡು ಹಕ್ಕಿ ನೆನಪಾಯಿತು, ಲೋಟ ಅರ್ಧಕ್ಕೇ ಬಿಟ್ಟು ಎದ್ದಳು. ಅಜ್ಜಿ ಆಗಷ್ಟೇ ಒಲೆ ಊದುತ್ತಿದ್ದಳು.

"ಇಷ್ಟು ಬೇಗ ಬಂದ್ಯಲ್ಲೇ?"

"ಕಣ್ಣು ಬಾಕಿ ಇತ್ತು."

ಲೇಖನಿಯ ಮೂತಿಗೆ ಕಟ್ಟಿದ್ದ ಮೇಣವನ್ನು ಊದಿ ತೆಗೆದು, ಚುಕ್ಕಿಯಿಟ್ಟಳು. ಈಗಲೂ ಏನೂ ಅನಿಸಲಿಲ್ಲ. ಪಕ್ಕದಲ್ಲಿ ಇನ್ನೊಂದು ಹಕ್ಕಿಗೆ ಕೈ ಹಾಕಿದಳು. ಸಂಜೆ ಏಳುವಾಗ, ಯಾರೂ ಹೇಳದೆ, ಅದರ ಒಂದು ರೆಕ್ಕೆಯನ್ನು ನಾಳೆಗೆ ಬಿಟ್ಟು ಎದ್ದಳು.