ಆಮೆನ್‌ಗೆ ಮುಂಚೆ

"ಹೋಗಿದ್ದು ನಿನ್ ತಂಗಿ ಬೆರಳು ಕಣೇ, ನಿನ್ ನಾಲಿಗೆ ಅಲ್ಲ. ಬಾಯ್ಮುಚ್ಕೊಂಡು ಸ್ತೋತ್ರ ಹೇಳು," ಎಂದ ಯಜಮಾನ ಗಂಜಿಯಕ್ಕನಿಗೆ, ಮೆಲ್ಲಗೆ. ಪಾಸ್ಟರ್ರು ಬಾಗಿಲಲ್ಲೇ ಛತ್ರಿ ಮಡಚುತ್ತಿದ್ದರು.

ಆಸ್ಪತ್ರೆಗಳ ಬೆಡ್‌ಶೀಟು ಒಗೆಯುವ ಲಾಂಡ್ರಿ ಅದು. ಬಟ್ಟೆಗೆ ಗಂಜಿ ಹಾಕುವವಳಾದ್ದರಿಂದ ಅವಳು ಎಲ್ಲರಿಗೂ ಗಂಜಿಯಕ್ಕ. ಹದಿನೈದು ದಿನದ ಹಿಂದೆ ಬಟ್ಟೆ ಒಣಗಿಸುವ ಬಿಸಿ ರೋಲರಿನೊಳಕ್ಕೆ ಶೀಟಿನ ಜೊತೆ ಅವಳ ತಂಗಿಯ ಮೂರು ಬೆರಳೂ ಹೋಗಿದ್ದವು. ಶೀಟು ಚೆನ್ನಾಗಿಯೇ ಹೊರಬಂತು. ಕಲೆಯಿತ್ತು, ಮತ್ತೆ ಒಗೆದರು.

ರೋಲರಿನ ಬಾಯಿಗೆ ಮೊದಲು ನಾಲ್ಕು ಬೋಲ್ಟಿನ ಕಬ್ಬಿಣದ ಜಾಲರಿ ಇತ್ತು. ಬಟ್ಟೆ ಸಿಕ್ಕಿಕೊಂಡು ಕೆಲಸ ನಿಧಾನವಾಗುತ್ತದೆಂದು ಯಜಮಾನ ಬಿಚ್ಚಿಸಿ ಮೂಲೆಗೆ ಒರಗಿಸಿದ್ದ. ಕೇಳಿದರೆ, ಕಾಯೋನು ಮೇಲಿದಾನೆ, ಜಾಲರಿ ಯಾಕೆ ಎನ್ನುತ್ತಿದ್ದ. ಅವನ ಮನೆಯ ಗೇಟಿಗೆ ಮಾತ್ರ ಎರಡು ಬೀಗ. ಇವತ್ತಿನಿಂದ ತಂಗಿಯ ಜಾಗಕ್ಕೆ ಅಕ್ಕ. ಅದಕ್ಕೂ ಮೊದಲು, ಜೀವ ಉಳಿಸಿದ ಕರ್ತನಿಗೆ ಪಾಸ್ಟರ ಎದುರು ಅವಳು ಸ್ತೋತ್ರ ಸಲ್ಲಿಸಬೇಕು; ತಪ್ಪೆಲ್ಲ ತಂಗಿಯದೇ ಎಂದೂ ಒಂದು ಮಾತು ಸೇರಿಸಬೇಕು.

ಆಸ್ಪತ್ರೆಯಿಂದ ಬಂದ ದಿನ ತಂಗಿ ಕೇಳಿದ್ದಳು: "ಅಕ್ಕಾ, ಇನ್ಮೇಲೆ ಕೈ ಜೋಡಿಸೋದು ಹೆಂಗೆ?" ಗಂಜಿಯಕ್ಕ ಆ ಮೊಂಡುಗೈಗೆ ತನ್ನ ಕೈ ಜೋಡಿಸಿದ್ದಳು. ಅಂದಿನಿಂದ ಇಬ್ಬರೂ ಹಾಗೇ ಪ್ರಾರ್ಥಿಸುತ್ತಿದ್ದರು.

ಲಾಂಡ್ರಿಯಲ್ಲಿ ಯಜಮಾನ ತಾನೇ ಮಾಡಿದ ನಿಯಮವೊಂದಿತ್ತು: ಆಮೆನ್ ಅನ್ನುವ ತನಕ ಮೆಷಿನ್ ಚಾಲೂ ಮಾಡಕೂಡದು. ಹೋದ ವರ್ಷ ಅವಸರಕ್ಕೆ ಸ್ವಿಚ್ ಒತ್ತಿದವನನ್ನು ದೈವದ್ರೋಹಿ ಎಂದು ಕೆಲಸದಿಂದಲೇ ಓಡಿಸಿದ್ದ.

ಗಂಜಿಯಕ್ಕ ಸಿಮೆಂಟು ನೆಲಕ್ಕೆ ಮೊಣಕಾಲೂರಿದಳು. ಎಲ್ಲರೂ ಊರಿದರು. ಯಜಮಾನ ಕರವಸ್ತ್ರ ಹಾಸಿಕೊಂಡು ಊರಿದ.

"ಕರ್ತನೇ, ನನ್ ತಂಗೀದು ಮೂರು ಬೆರಳು," ಎಂದು ಶುರುಮಾಡಿದಳು. ಆಮೇಲೆ ಹಬೆಗೆ ಬೆಂದ ತೋಳುಗಳು, ಒಗೆಯುವ ಸೋಡಾ ತಿಂದುಹಾಕಿದ ಉಗುರುಗಳು, ಇಸ್ತ್ರಿಯವನ ಬೆನ್ನು. ಒಬ್ಬೊಬ್ಬರ ಹೆಸರು ಹಿಡಿದು ಒಪ್ಪಿಸಿದಳು. ಅವರ ಹೆಸರು ಮುಗಿದಾಗ ಅವರ ಮಕ್ಕಳ ಹೆಸರು ಹಿಡಿದಳು. ನಾಟಕವಾಗಿದ್ದರೆ ಯಜಮಾನ ನಿಲ್ಲಿಸಬಹುದಿತ್ತು. ಅವಳು ನಿಜವಾಗಿಯೇ ಪ್ರಾರ್ಥಿಸುತ್ತಿದ್ದಳು.

ಹೊರಗೆ ಶೀಟು ಒಯ್ಯಲು ಬಂದ ಆಸ್ಪತ್ರೆಯ ವ್ಯಾನು ಹಾರ್ನ್ ಹೊಡೆಯಿತು. ಯಜಮಾನ ಕೆಮ್ಮಿದ. ಅವಳು ಅವನ ಗಂಟಲಿಗೂ ಗುಣ ಬೇಡಿಕೊಂಡಳು.

"ಆಮೆನ್ ಅಂದು ಸಾಯೇ, ದರಿದ್ರದೋಳೆ," ಎಂದು ಅವನು ಪಿಸುಗುಟ್ಟಿದ.

"ಯಜಮಾನ್ರಿಗೆ ಅವಸರವಂತೆ, ಕರ್ತನೇ. ಜಾಲರಿ ಅದರ ಜಾಗಕ್ಕೆ ಬರೋ ತನಕ ನಂಗೇನೂ ಅವಸರ ಇಲ್ಲ."

ಪಾಸ್ಟರ್ರು ರೂಢಿಬಲದಿಂದ "ಸ್ತೋತ್ರ" ಎಂದುಬಿಟ್ಟರು. ಹಿಂದಿನಿಂದ ಮೂವತ್ತು ಗಂಟಲು "ಸ್ತೋತ್ರ" ಎಂದವು.

ವ್ಯಾನು ಮತ್ತೆ ಕೂಗಿತು. ಯಜಮಾನ ಮೇಸ್ತ್ರಿಯ ಕಿವಿಯಲ್ಲಿ ಏನೋ ಹೇಳಿದ. ನೆಲದ ಮೇಲೆ ಕಬ್ಬಿಣ ಎಳೆದ ಸದ್ದು, ಆಮೇಲೆ ಸ್ಪ್ಯಾನರಿನ ಸದ್ದು. ಗಂಜಿಯಕ್ಕ ಕಣ್ಣು ತೆರೆಯಲಿಲ್ಲ. ಒಂದು ಬೋಲ್ಟು ಬಿಗಿಯಿತು. ಎರಡು. ಮೂರು.

ಸ್ಪ್ಯಾನರು ನಿಂತಿತು.

ಅವಳು ನಾಲ್ಕನೆಯದಕ್ಕಾಗಿ ಪ್ರಾರ್ಥಿಸತೊಡಗಿದಳು.