ಲಕೋಟೆ ಒಡೆಯಬೇಡಿ, ಶರೀಫಾಕ

ಮುಹಮ್ಮದ್ ಶರೀಫರಿಗೆ ಒಂದು ಚಾಳಿ. ಸೀಲು ಬಿದ್ದ ಕಾಗದ ಕೈಗೆ ಬಂದರೆ ಸಾಕು, ಅದನ್ನು ಲ್ಯಾಮಿನೇಟ್ ಮಾಡಿಸದೆ ಬಿಡುವವರಲ್ಲ. ಹಿಂದೆ ಊರಲ್ಲಿ ಅವರ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯನ್ನು ಗೆದ್ದಲು ತಿಂದಿತ್ತು. ಅಂದಿನಿಂದ ಪ್ಲಾಸ್ಟಿಕ್ ಹೊದಿಸದ ಕಾಗದವನ್ನು ಅವರು ನಂಬಿದ್ದೇ ಇಲ್ಲ. ಬಹರೈನಿಗೆ ಬಂದು, ಈಸಾ ಟೌನಿನ ಶಾಲೆಗಳಿಗೆ ಮಕ್ಕಳ ವ್ಯಾನು ಓಡಿಸುತ್ತಾ ವರ್ಷಗಳೇ ಕಳೆದರೂ ಚಾಳಿ ಮಾತ್ರ ಹಾಗೇ ಉಳಿದಿತ್ತು.

ಅವರ ಮಗಳು ಮುಹ್ಸಿನಾ ಇಲ್ಲಿನ ಒಂದು ಕಮ್ಯುನಿಟಿ ಕಾಲೇಜಿನಲ್ಲಿ ಎರಡು ವರ್ಷದ ಬಿಸಿನೆಸ್ ಡಿಪ್ಲೊಮಾ ಮುಗಿಸಿದ್ದಳು. ಇನ್ನು ಯೂನಿವರ್ಸಿಟಿಗೆ ಸೇರಿ ಡಿಗ್ರಿ ಮಾಡಿಯೇ ಸಿದ್ಧ ಎಂದು ಹಟ ಹಿಡಿದಿದ್ದಳು.

“ಇನ್ನು ನಾಲ್ಕು ವರ್ಷ ಓದಿಸ್ಲಿಕ್ಕೆ ನನ್ನಿಂದ ಆಗ್ಲಿಕ್ಕಿಲ್ಲ ಮಗಳೇ,” ಎಂದರು ಶರೀಫರು. “ಎಲ್ಲಾದ್ರೂ ಆಫೀಸಿಗೆ ಸೇರು.”

“ನಾಲ್ಕು ಅಲ್ಲ ಉಪ್ಪ. ಕ್ರೆಡಿಟ್ ಟ್ರಾನ್ಸ್‌ಫರ್ ಆದ್ರೆ ಎರಡೇ.”

ಶರೀಫರಿಗೆ ತಲೆಬುಡ ತಿಳಿಯಲಿಲ್ಲ. ಮಾಹೂಝಿನಲ್ಲಿ ಅವರಿದ್ದ ಕಟ್ಟಡದಲ್ಲೇ, ಕೆಳಗಿನ ಫ್ಲಾಟಿನಲ್ಲಿ ಫ್ಲೆನ್ಸಿ ಇದ್ದರು. ಸಲ್ಮಾನಿಯಾದಲ್ಲಿ ಆಸ್ಪತ್ರೆಯ ಆಫೀಸಿನ ಕೆಲಸ. ಸಂಜೆ ಅಪ್ಪ ಮಗಳು ಇಬ್ಬರೂ ಅವರ ಬಾಗಿಲು ತಟ್ಟಿದರು.

“ಒಂದು ಅಂಗಡಿಯ ರಶೀದಿ ಇನ್ನೊಂದು ಅಂಗಡಿಯಲ್ಲಿ ನಡೀತದಾ ಫ್ಲೆನ್ಸಿ?”

“ಇದು ಅಂಗಡಿ ಅಲ್ಲ ಶರೀಫಾಕ. ನಾನೂ ಡಿಪ್ಲೊಮಾ ಮಾಡಿ ಆಮೇಲೆ ಡಿಗ್ರಿಗೆ ಸೇರಿದವಳೇ. ಪಾಸಾದ ಒಂದೊಂದು ವಿಷಯಕ್ಕೂ ಇಷ್ಟು ಕ್ರೆಡಿಟ್ ಅಂತ ಇರ್ತದೆ. ಇಲ್ಲಿ ಓದಿದ್ದು ಅಲ್ಲಿಯ ಪಾಠಕ್ಕೆ ಹೊಂದಿದ್ರೆ, ಗ್ರೇಡೂ ಒಳ್ಳೇದಿದ್ರೆ, ಅವರು ಅದನ್ನು ಒಪ್ಕೊಳ್ತಾರೆ. ಮತ್ತೆ ಓದ್ಬೇಕಂತ ಇಲ್ಲ.”

“ಎಲ್ಲವನ್ನೂ ಒಪ್ತಾರಾ?”

“ಅದು ಹೇಳ್ಲಿಕ್ಕಾಗುದಿಲ್ಲ. ಒಂದೊಂದು ಯೂನಿವರ್ಸಿಟಿಗೆ ಒಂದೊಂದು ನಿಯಮ. ಅದಕ್ಕೇ ಮೊದ್ಲು ಕೇಳ್ಬೇಕು, ಫೀಸು ಆಮೇಲೆ. ಯಾವ್ಯಾವ ವಿಷಯ ಒಪ್ಪಿದ್ದಾರೆ ಅಂತ ಬರಹದಲ್ಲಿ ತಗೊಳ್ಳಿ. ಟ್ರಾನ್ಸ್‌ಕ್ರಿಪ್ಟ್, ಅಂದ್ರೆ ಎಲ್ಲ ಗ್ರೇಡು ಇರುವ ಪಟ್ಟಿ, ಅದನ್ನು ಕಾಲೇಜಿನವರೇ ಲಕೋಟೆಯಲ್ಲಿ ಹಾಕಿ ಸೀಲ್ ಮಾಡಿ ಕೊಡ್ತಾರೆ. ಜೊತೆಗೆ ಪ್ರತಿ ವಿಷಯದ ಸಿಲೆಬಸ್ಸೂ ಬೇಕು.”

ಶರೀಫರು ತಲೆಯಾಡಿಸಿದರು. ಆದರೆ ಅನುಮಾನ ಪೂರ್ತಿ ಹೋಗಿರಲಿಲ್ಲ.

ಬುಧವಾರ ಮುಹ್ಸಿನಾ ಲಕೋಟೆ ತಂದು ಮೇಜಿನ ಮೇಲಿಟ್ಟು, ಸಿಲೆಬಸ್ ಪ್ರಿಂಟ್ ತೆಗೆಸಲು ಹೊರಗೆ ಹೋದಳು. ಮರುದಿನವೇ ಅರ್ಜಿಗೆ ಕೊನೆಯ ದಿನ. ಊಟಕ್ಕೆ ಬಂದ ಶರೀಫರ ಕಣ್ಣು ಲಕೋಟೆಯ ಮೇಲೆ ಬಿತ್ತು. ಮಗಳು ಕಷ್ಟಪಟ್ಟು ಓದಿದ್ದೆಲ್ಲ ಬರೀ ಕಾಗದದ ಮೇಲಿದೆಯಲ್ಲ, ಈ ಹವೆಗೆ ಅದು ಹಪ್ಪಳದ ಹಾಗೆ ಮೆತ್ತಗಾದರೆ ಏನು ಗತಿ ಎಂದು ಅವರಿಗೆ ಕಳವಳವಾಯಿತು. ಕತ್ತರಿಯಿಂದ ನಾಜೂಕಾಗಿ ಲಕೋಟೆ ಬಿಡಿಸಿದರು. ಒಳಗಿದ್ದ ಟ್ರಾನ್ಸ್‌ಕ್ರಿಪ್ಟನ್ನು ಬೀದಿಯ ಝೆರಾಕ್ಸ್ ಅಂಗಡಿಗೆ ಒಯ್ದು, ಇದ್ದುದರಲ್ಲೇ ದಪ್ಪನೆಯ ಪ್ಲಾಸ್ಟಿಕ್ ಹಾಕಿಸಿ ತಂದರು.

ಮುಹ್ಸಿನಾ ಬಂದು ನೋಡಿದಳು. ಅವಳ ಮುಖ ಬಿಳಿಚಿತು.

“ಉಪ್ಪ, ಒಡೆದ ಲಕೋಟೆಯನ್ನು ಅವರು ತಗೊಳ್ಳುದಿಲ್ಲ.”

“ಹಾಳಾಗ್ಬಾರ್ದು ಅಂತ ಮಾಡಿದ್ದಲ್ವಾ ಮಗಳೇ.”

ನನ್ನ ಅಂಕಪಟ್ಟಿಯನ್ನು ಗೆದ್ದಲು ತಿಂದಿತು, ಮಗಳದ್ದನ್ನು ನಾನೇ ಹಾಳು ಮಾಡಿದೆ ಎಂದು ಶರೀಫರು ತಮ್ಮನ್ನೇ ಬೈದುಕೊಂಡರು.

ಮುಹ್ಸಿನಾ ಅಳುತ್ತಾ ಕೂರಲಿಲ್ಲ. ಫ್ಲೆನ್ಸಿಗೆ ಫೋನ್ ಮಾಡಿದಳು.

“ಕಾಲೇಜಿನಲ್ಲಿ ಕೇಳಿದ್ರೆ ಇನ್ನೊಂದು ಕೊಡ್ತಾರೆ,” ಎಂದರು ಫ್ಲೆನ್ಸಿ. “ನಾಳೆ ಬಾಗಿಲು ತೆರೆಯುವಾಗ ನೀವು ಅಲ್ಲಿರ್ಬೇಕು. ಆದದ್ದನ್ನು ಆದ ಹಾಗೇ ಹೇಳಿ.”

ಗುರುವಾರ ಬೆಳಿಗ್ಗೆ ವ್ಯಾನಿನ ಮಕ್ಕಳನ್ನು ಶಾಲೆಯಲ್ಲಿ ಇಳಿಸಿದ ಶರೀಫರು, ಮಗಳನ್ನು ಕೂರಿಸಿಕೊಂಡು ವ್ಯಾನನ್ನು ನೇರ ಕಾಲೇಜಿಗೆ ಬಿಟ್ಟರು. ಕೌಂಟರಿನ ಮುಂದೆ ತಾವೇ ನಿಂತು, ತಪ್ಪು ತಮ್ಮದು, ಮಗಳದ್ದಲ್ಲ ಎಂದು ತಮ್ಮ ಹಿಂದಿಯಲ್ಲಿ ಹೇಳಿದರು. ಅಲ್ಲಿನವರು ಕಾಯಲು ಹೇಳಿದರು. ಶಾಲೆ ಬಿಡುವ ಹೊತ್ತು ಹತ್ತಿರವಾಯಿತು. ಶರೀಫರು ಇನ್ನೊಂದು ವ್ಯಾನು ಓಡಿಸುವ ಇರ್ಷಾದನಿಗೆ ಫೋನ್ ಮಾಡಿ, “ಇವತ್ತು ನನ್ನ ವ್ಯಾನಿನ ಮಕ್ಕಳನ್ನೂ ನೀನೇ ಮನೆಗೆ ಬಿಡು. ಲಕೋಟೆ ಸಿಗದೆ ನಾನು ಇಲ್ಲಿಂದ ಏಳುದಿಲ್ಲ,” ಎಂದರು.

ಲಕೋಟೆ ಸಿಕ್ಕಿತು. ಮುಹ್ಸಿನಾ ಅದನ್ನು ಅವರತ್ತ ಚಾಚಿದರೆ ಅವರು ಕೈ ಹಿಂದೆ ಕಟ್ಟಿಕೊಂಡರು.

“ನೀನೇ ಹಿಡ್ಕೋ. ನನ್ನ ಕೈಗೆ ಕೊಡ್ಬೇಡ.”

ಯೂನಿವರ್ಸಿಟಿಯ ಆಫೀಸು ಮುಚ್ಚುವ ಮೊದಲೇ ಅರ್ಜಿ ಒಳಗೆ ಹೋಯಿತು. ಕೆಲವು ವಾರಗಳಲ್ಲಿ ಉತ್ತರವೂ ಬಂತು. ಒಂದು ವಿಷಯದಲ್ಲಿ ಗ್ರೇಡು ಸಾಲದು, ಅದನ್ನು ಮತ್ತೆ ಓದಬೇಕು. ಉಳಿದ ಎಲ್ಲಾ ವಿಷಯಗಳಿಗೂ ಒಪ್ಪಿಗೆ. ಮುಹ್ಸಿನಾಳಿಗೆ ನೇರ ಮೂರನೇ ವರ್ಷಕ್ಕೆ ಸೀಟು.

“ಓದು ಮಗಳೇ,” ಎಂದರು ಶರೀಫರು. “ಎರಡು ವರ್ಷ ನಾನು ಹೇಗಾದ್ರೂ ನಡೆಸ್ತೇನೆ.” ಆ ದಿನ ಅವರಿಗಾದ ಖುಷಿ ಅಷ್ಟಿಷ್ಟಲ್ಲ.

ಆ ಲ್ಯಾಮಿನೇಟ್ ಆದ ಟ್ರಾನ್ಸ್‌ಕ್ರಿಪ್ಟ್ ಈಗ ಅವರ ವ್ಯಾನಿನಲ್ಲಿದೆ. ದೊಡ್ಡ ಮಕ್ಕಳ ತಂದೆತಾಯಿ ಮುಂದಿನ ಓದಿನ ಮಾತೆತ್ತಿದರೆ ಅದನ್ನು ತೆಗೆದು ತೋರಿಸುತ್ತಾರೆ. “ಎಷ್ಟು ಗಟ್ಟಿ ಉಂಟು ನೋಡಿ. ಒಂದು ಕೆಲಸಕ್ಕೂ ಬರುದಿಲ್ಲ.”

ನಿಮ್ಮ ಮನೆಯಲ್ಲೂ ಡಿಪ್ಲೊಮಾ ಮುಗಿಸಿದ ಮಗನೋ ಮಗಳೋ ಇರಬಹುದು. ಮತ್ತೆ ಮೊದಲಿನಿಂದ ಓದಬೇಕಲ್ಲ ಎಂದು ಕೈಚೆಲ್ಲಿ ಕೂರಬೇಡಿ. ಸೇರಬೇಕೆಂದಿರುವ ಯೂನಿವರ್ಸಿಟಿಯ ಪ್ರವೇಶ ವಿಭಾಗಕ್ಕೆ ಇವತ್ತೇ ಹೋಗಿ, ಯಾವ ವಿಷಯಕ್ಕೆ ಕ್ರೆಡಿಟ್ ಸಿಗುತ್ತದೆ, ಯಾವ ಕಾಗದ ಬೇಕು, ಕೊನೆಯ ದಿನ ಯಾವುದು ಎಂದು ಕೇಳಿ. ಉತ್ತರ ಬರಹದಲ್ಲಿ ಸಿಕ್ಕಿದ ಮೇಲೆ ಫೀಸು ಕಟ್ಟಿ. ಸೀಲಾದ ಲಕೋಟೆ ಮನೆಗೆ ಬಂದರೆ ಅದನ್ನು ಅದರ ಪಾಡಿಗೆ ಬಿಡಿ. ಮಕ್ಕಳು ಓದಿದ ವರ್ಷಗಳು ಅವರ ಸ್ವಂತ ದುಡಿಮೆ. ಅವನ್ನು ಕೇಳಿ ಪಡೆದುಕೊಳ್ಳಿ.