ಸಾಗರದಲ್ಲಿ ಇಲ್ಲೆ

ನಮ್ಮ ರಕ್ತದಾನಿಗಳ ಟ್ರಸ್ಟಿಗೆ ಸಂಯೋಜಕರೊಬ್ಬರು ಬೇಕಾಗಿದ್ದರು. ಸಾಗರ, ಹೊಸನಗರ, ತೀರ್ಥಹಳ್ಳಿ, ಈ ಮೂರು ತಾಲ್ಲೂಕಿನಲ್ಲಿ ಯಾರಿಗೆ ರಕ್ತ ಬೇಕಾದರೂ ದಾನಿಗಳನ್ನು ಹುಡುಕಿ ಕಳಿಸುವ ಕೆಲಸ. ಆಯ್ಕೆ ಮಾಡುವ ಹೊಣೆ ಹೊತ್ತವರು ಇಬ್ಬರು: ಹೊಸನಗರದಲ್ಲಿ ಮೆಡಿಕಲ್ ಶಾಪ್ ಇಟ್ಟಿರುವ ವಿನೋದ್, ಮತ್ತು ತೀರ್ಥಹಳ್ಳಿಯಲ್ಲಿ ಮೇಷ್ಟ್ರಾಗಿ ನಿವೃತ್ತನಾದ ನಾನು.

ವಿನೋದ್ ಅರ್ಜಿಗಳನ್ನು ತೆರೆಯಲೇ ಇಲ್ಲ. ನಮ್ಮ ವಾಟ್ಸಾಪ್ ಗುಂಪಿನ ಮೂರು ವರ್ಷದ ಮಾತುಕತೆಯನ್ನು ಪ್ರಿಂಟ್ ಮಾಡಿಸಿ ತಂದು ಮೇಜಿನ ಮೇಲಿಟ್ಟ.

"ಸಂದರ್ಶನಕ್ಕೆ ಬಂದಾಗ ಎಲ್ಲರೂ ಸಾಧುಗಳೇ ಮೇಷ್ಟ್ರೆ. ಗುಂಪಲ್ಲಿ ಹೆಂಗೆ ಆಡ್ತಾರೆ ನೋಡಿ, ಆಗ ಗೊತ್ತಾಗ್ತದೆ."

ಅರ್ಜಿ ಹಾಕಿದ್ದವರೂ ಇಬ್ಬರೇ, ಇಬ್ಬರೂ ಗುಂಪಿನವರೇ. ಅಜಯ್ ದಿನಾ ಬೆಳಿಗ್ಗೆ ದೇವರ ಚಿತ್ರ ಹಾಕುವವನು. ಯಾವ ತಾಲ್ಲೂಕಿನವರು ಹೆಚ್ಚು ರಕ್ತ ಕೊಟ್ಟರು ಎಂದು ಒಮ್ಮೆ ಜಗಳವಾದಾಗ ಎರಡೂ ಕಡೆಯವರಿಗೆ ಹೌದೆಂದು ಕೈಮುಗಿದಿದ್ದ. ಇನ್ನೊಬ್ಬಳು ಹೆಗ್ಗೋಡಿನ ಕಡೆಯ ಮೇಧಾ. ಮೂರು ವರ್ಷದಿಂದ ಸಂಬಳವಿಲ್ಲದೆ ಇದೇ ಕೆಲಸ ಮಾಡಿದವಳು. ಇದು ಸಿಗದಿದ್ದರೆ ಬೇರೆ ಊರಿಗೆ ದುಡಿಯಲು ಹೋಗಬೇಕಾಗುತ್ತದೆ ಎಂದು ಅರ್ಜಿಯಲ್ಲಿ ಬರೆದಿದ್ದಳು.

ವಿನೋದ್ ಬೇಡವೆಂದು ಅವಳ ಹೆಸರಿನ ಮೇಲೆ ಆಗಲೇ ಗೀಟು ಹಾಕಿದ್ದ. ಅದು ನನಗಾಗಿ ಹಾಕಿದ ಗೀಟು.

ಎರಡು ವರ್ಷದ ಹಿಂದೆ ನನ್ನ ಹೆಂಡತಿ ಸರಸ್ವತಿ ತೀರ್ಥಹಳ್ಳಿಯಲ್ಲಿ ಆಸ್ಪತ್ರೆ ಸೇರಿದ್ದಳು. ಓ ನೆಗೆಟಿವ್ ರಕ್ತ ತಕ್ಷಣ ಬೇಕೆಂದರು. ಎಲ್ಲಿದೆ ಎಂದು ಗುಂಪಿನಲ್ಲಿ ಕೇಳಿದೆ. ಮೇಧಾಳ ಉತ್ತರ ಬಂತು: "ಸಾಗರದಲ್ಲಿ ಇಲ್ಲೆ." ಕಾರು ಮಾಡಿಕೊಂಡು ಸಾಗರಕ್ಕೆ ಓಡಿದೆ. ಅಲ್ಲಿ ರಕ್ತವಿರಲಿಲ್ಲ. ಅಲ್ಲೇ ನಿಂತು ಗುಂಪಿನಲ್ಲಿ ಬರೆದೆ, ಸಾಯುವವರ ಮನೆಯವರ ಹತ್ತಿರ ಸುಳ್ಳು ಹೇಳಲು ನಿನಗೆ ನಾಚಿಕೆಯಾಗುವುದಿಲ್ಲವೇ ಎಂದು. ಸಂಜೆಯ ಹೊತ್ತಿಗೆ ಶಿವಮೊಗ್ಗದಿಂದ ರಕ್ತ ಬಂತು. ಸರಸ್ವತಿ ಆಮೇಲೆ ನಾಲ್ಕೇ ದಿನ ಬದುಕಿದ್ದಳು. ರಕ್ತ ಬೇಗ ಸಿಕ್ಕಿದ್ದರೂ ಫಲ ಇದೇ ಎಂದು ಡಾಕ್ಟರು ಹೇಳಿದರು. ನಾನು ಒಪ್ಪಲಿಲ್ಲ. ಪ್ರತಿದಿನ ಪೂಜೆಗೆ ಕುಳಿತಾಗ ದೇವರ ಹೆಸರಿನ ಜೊತೆಗೆ ಆ ಹುಡುಗಿಯ ಹೆಸರೂ ನೆನಪಾಗುತ್ತಿತ್ತು, ಒಳ್ಳೆಯ ರೀತಿಯಲ್ಲಿ ಅಲ್ಲ.

ಗೀಟು ಹಾಕಿದ್ದರೂ ಕಾಗದ ಓದದೆ ತೀರ್ಮಾನ ಮಾಡುವುದು ಸರಿಯಲ್ಲವೆಂದು ಮೊದಲಿನಿಂದ ಓದತೊಡಗಿದೆ. ಗುಂಪು ಆರಂಭದಲ್ಲಿ ಸಾಗರದ ಕಡೆಯ ಕೆಲವು ಹವ್ಯಕ ಮನೆಗಳವರದೇ ಆಗಿತ್ತು. ನಾವೆಲ್ಲ ಆಮೇಲೆ ಸೇರಿದವರು. ಒಂದು ಹಾಳೆಯಲ್ಲಿ ಮೇಧಾ ಬರೆದಿದ್ದಳು: "ನಾಳೆ ಕ್ಯಾಂಪ್ ಇಲ್ಲೆ. ಯಾರೂ ಬಪ್ಪದು ಬ್ಯಾಡ."

ಕ್ಯಾಂಪ್ ಇಲ್ಲೇ ಆದರೆ ಬರುವುದು ಏಕೆ ಬೇಡ? ಎರಡನೆಯ ಸಲ ಓದುವಾಗ ನನ್ನ ಕೈ ಹಾಳೆಯ ಮೇಲೆ ನಿಂತಿತು. ಅವರ ಮನೆಮಾತಿನಲ್ಲಿ ಇಲ್ಲೆ ಎಂದರೆ ಇಲ್ಲ. ಅದು ನನಗೆ ಗೊತ್ತಿಲ್ಲದ್ದಲ್ಲ. ಮೂವತ್ತು ವರ್ಷ ಆ ಮಾತಾಡುವ ಮನೆಗಳ ಮಕ್ಕಳಿಗೂ ಪಾಠ ಹೇಳಿದ್ದೇನೆ. ಕಿವಿಗೆ ಬಿದ್ದಿದ್ದರೆ ತಪ್ಪುತ್ತಿರಲಿಲ್ಲ. ಇಲ್ಲೇ ಎಂಬುದನ್ನೂ ಫೋನಿನಲ್ಲಿ ಇಲ್ಲೆ ಎಂದೇ ಬರೆಯುತ್ತಾರೆ, ದೀರ್ಘ ಹಾಕುವವರು ಯಾರು? ಇದೆ ಎಂಬ ಮಾತು ಬೇಕಾಗಿದ್ದ ನಾನು ಇದೆ ಎಂದೇ ಓದಿಕೊಂಡಿದ್ದೆ. ಗೊತ್ತಿದ್ದವರು ನನ್ನ ಸ್ಥಿತಿ ನೋಡಿ ಸುಮ್ಮನಿದ್ದಿರಬೇಕು.

ನನ್ನ ಬೈಗುಳದ ಕೆಳಗೆ ಅವಳ ಉತ್ತರವಿತ್ತು. "ತಪ್ಪಾಯಿತು ಸರ್. ಶಿವಮೊಗ್ಗದಲ್ಲಿ ಕೇಳುತ್ತಿದ್ದೇನೆ. ನೀವು ಆಸ್ಪತ್ರೆಗೆ ವಾಪಸು ಹೊರಡಿ." ಆಮೇಲೆ ಎಲ್ಲ ಹಾಳೆಗಳಲ್ಲೂ ಅವಳು ಇಲ್ಲ ಎಂದೇ ಬರೆದಿದ್ದಳು. ಇಲ್ಲೆ ಎಂದು ಮತ್ತೆ ಒಮ್ಮೆಯೂ ಇಲ್ಲ.

ಮರುದಿನ ಮೇಧಾ ಸಂದರ್ಶನಕ್ಕೆ ಬಂದಳು. ಅವಳು ಕುರ್ಚಿಯ ತುದಿಯಲ್ಲಿ ಕುಳಿತಳು. ವಿನೋದ್ ಊರು, ಓದು ಕೇಳಿ ಮುಗಿಸಿದ. ನನ್ನ ಬೈಗುಳವಿದ್ದ ಹಾಳೆಯನ್ನು ನಾನು ಅವಳ ಕಡೆ ತಿರುಗಿಸಿದೆ.

"ನಾನು ತಪ್ಪು ಓದಿದ್ದು ಅಂತ ಆವತ್ತೇ ಯಾಕೆ ಹೇಳಲಿಲ್ಲ?"

ಅವಳು ಹಾಳೆ ನೋಡಿದಳು, ಮುಟ್ಟಲಿಲ್ಲ.

"ಹೇಳಿದ್ದರೆ ಹತ್ತು ಜನ ಅದರ ಮೇಲೆ ಮಾತು ಬೆಳೆಸ್ತಿದ್ರು ಸರ್. ರಕ್ತ ಕೇಳಿದ ಮೆಸೇಜು ಎಲ್ಲೋ ಮೇಲೆ ಹೋಗಿಬಿಡ್ತಿತ್ತು."

"ಆಮೇಲಾದರೂ ಹೇಳಬಹುದಿತ್ತು."

"ಆಮೇಲೆ ಅಮ್ಮ ಹೋದ ಸುದ್ದಿ ಬಂತು."

ಅವಳು ಅಮ್ಮ ಎಂದದ್ದು ಸರಸ್ವತಿಯನ್ನು. ಸರಸ್ವತಿಯ ಮುಖವನ್ನೂ ನೋಡಿದವಳಲ್ಲ. ಎರಡು ವರ್ಷ ನನ್ನ ದುಃಖವನ್ನು ಹೊರಿಸಲು ಒಬ್ಬರು ಸಿಕ್ಕಿದ್ದರು. ಇನ್ನು ಅದನ್ನು ನಾನೇ ಹೊರಬೇಕಾಗಿತ್ತು. ತಪ್ಪು ನನ್ನದು ಎಂದೆ. ಅವಳು ಪರವಾಗಿಲ್ಲ ಎನ್ನಲಿಲ್ಲ. ತಲೆಯಾಡಿಸಿ ಎದ್ದು ಹೋದಳು. ಅದೇ ಸರಿ ಎನಿಸಿತು.

ಇವಳೇ ಆಗಲಿ ಎಂದೆ. ವಿನೋದ್ ನಡಾವಳಿ ಪುಸ್ತಕ ತೆಗೆದು ಮೇಧಾಳ ಹೆಸರು ಬರೆದ. ಅವಳನ್ನೇ ಆರಿಸಿದ್ದಕ್ಕೆ ಕಾರಣ ಏನು ಬರೆಯಲಿ ಎಂದು ಕೇಳಿದ.

"ಗುಂಪಿನಲ್ಲಿ ಬೈಸಿಕೊಂಡರೂ ರಕ್ತ ಹುಡುಕುವುದನ್ನು ಬಿಡದವರು ಅಂತ ಬರಿ. ಬೈದವರು ಯಾರು ಅಂತಲೂ ಬರಿ."

ಮೊದಲನೆಯದನ್ನು ಬರೆದ. ಎರಡನೆಯದಕ್ಕೆ ಪೆನ್ನು ಎತ್ತಿ ಹಿಡಿದು ನನ್ನ ಮುಖ ನೋಡಿದ. ಇದೆಲ್ಲ ಪುಸ್ತಕಕ್ಕೆ ಯಾಕೆ ಮೇಷ್ಟ್ರೆ, ಮುಗಿದ ವಿಷಯ ಎಂದ. ನಾನು ಅವನ ಕೈಯಿಂದ ಪೆನ್ನು ತೆಗೆದುಕೊಂಡು ನನ್ನ ಹೆಸರನ್ನು ನಾನೇ ಬರೆದೆ.